ರಸ್ತೆಯ ಆಚೆಯಿಂದ ಕಾಣುವ ಹಳದಿ

ನವೆಂಬರ್ ೪, ಸೋಮವಾರ

ಕೊನೆಗೂ ಸಿಕ್ಕಿತು! ಯಾರ ಕಣ್ಣಾದರೂ ಬಿದ್ದೀತೆಂದು ಮನೆಗೆ ಬರುವವರೆಗೂ ಚೀಲದ ಬಾಯಿ ಬಿಚ್ಚಲಿಲ್ಲ. ಸಾಸಿವೆ ಹಳದಿ ಬಣ್ಣದ ಉಣ್ಣೆ ಕೋಟು. ಅಮ್ಮ ಹುಟ್ಟುವುದಕ್ಕೂ ಮೊದಲಿನದಿರಬೇಕು. ಅಗಲವಾದ ಕಾಲರು, ಸೊಂಟದ ಹತ್ತಿರ ಹಿಡಿದು ಕೆಳಗೆ ಅರಳುವ ಹೊಲಿಗೆ, ಬಿಸ್ಕತ್ತಿನಷ್ಟು ದೊಡ್ಡ ಗುಂಡಿಗಳು. ಕಾಜಾಗಳನ್ನೆಲ್ಲ ಕೈಯಲ್ಲೇ ಹೊಲಿದಿದ್ದಾರೆ. ಆ ಪುಣ್ಯಾತ್ಮ ದರ್ಜಿ ಯಾರೋ, ಅವನ ಕೈಗೆ ಮುತ್ತಿಡಬೇಕು.

ಸೋಮವಾರ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸಕ್ಕೆ ರಜೆ. ಹಳೆಬಟ್ಟೆ ಅಂಗಡಿಯ ಅಕ್ಕ ಹೊಸ ಮೂಟೆ ಬಿಚ್ಚುವುದೂ ಸೋಮವಾರವೇ. ಹೀಗಾಗಿ ವಾರದಲ್ಲಿ ಒಂದು ದಿನವಾದರೂ ನನ್ನ ಬದುಕು ಸರಿಯಾಗಿ ಹೊಂದಿಕೊಂಡಿದೆ.

ಅಮ್ಮ ಎಂದಿನಂತೆ ಮೂಗು ಮುರಿದಳು. "ಯಾರ ಮೈಮೇಲಿದ್ದದ್ದೋ ಏನೋ! ಇವಳಿಗೆ ಹೊಸ ಬಟ್ಟೆ ತಗೊಳ್ಳೋಕೂ ಗತಿಯಿಲ್ಲ ಅಂತ ಜನ ಅಂದ್ಕೋತಾರೆ ಕಣೇ."

"ಅಂದ್ಕೊಳ್ಳಲಿ ಬಿಡಮ್ಮ."

ಗುಬ್ಬಿ ಆಗಲೇ ಕೋಟಿನೊಳಗೆ ತೂರಿಕೊಂಡು ಕನ್ನಡಿ ಮುಂದೆ ಸುತ್ತುತ್ತಿದ್ದಳು. ನನ್ನ ತಂಗಿ ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೇ ಆ ಹೆಸರು. ಈಗ ಕಾಲೇಜಿಗೆ ಹೋಗುವ, ನನ್ನಷ್ಟೇ ಎತ್ತರದ ಗುಬ್ಬಿ. "ಅಕ್ಕಾ, ನೀನು ಸತ್ತಮೇಲೆ ಇದು ನಂಗೆ."

"ಅಲ್ಲೀವರೆಗೂ ಮುಟ್ಟಿದ್ರೆ ಕೈ ಮುರೀತೀನಿ."

ದೊಡ್ಡ ಅಂಗಡಿಗಳಲ್ಲಿ ನೂರು ಜನಕ್ಕೆ ಒಂದೇ ಬಟ್ಟೆ. ಹಳೆಯದರಲ್ಲಿ ಹಾಗಲ್ಲ, ಒಂದು ಬಟ್ಟೆಗೆ ಒಬ್ಬಳೇ. ರಸ್ತೆಯ ಆಚೆಯಿಂದ ನೋಡಿದರೂ ಅಲ್ಲಿ ಹೋಗುತ್ತಿರುವವಳು ಇವಳೇ ಎಂದು ಗೊತ್ತಾಗಬೇಕು. ನನ್ನ ಆಸೆ ಇಷ್ಟೇ.

ನವೆಂಬರ್ ೭, ಗುರುವಾರ

ಹಾಕಿಕೊಂಡದ್ದು: ಹಳದಿ ಕೋಟು, ಒಳಗೆ ಕಪ್ಪು ಉದ್ದ ತೋಳಿನ ರವಿಕೆ, ಬೂದು ಸ್ಕರ್ಟು, ಎತ್ತರ ಹಿಮ್ಮಡಿಯ ಕಂದು ಬೂಟು. ಕೂದಲನ್ನು ಬದಿಗೆ ಸುತ್ತಿ ಪಿನ್ನು ಹಾಕಿದ್ದೆ. ಬಸ್ಸಿನಲ್ಲಿ ಒಬ್ಬಾಕೆ ಎದ್ದು ಬಂದು ಗುಂಡಿ ಮುಟ್ಟಿ ನೋಡಿದಳು! ನಮ್ಮ ಯಜಮಾನರು ಲೆನ್ಸು ಉಜ್ಜುತ್ತಿದ್ದವರು ತಲೆಯೆತ್ತಿ, "ಏನಮ್ಮಾ, ಅಂಗಡಿಗೆ ದೀಪ ಬೇಡ ಇವತ್ತು" ಎಂದರು. ಅವರ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು.

ನಮ್ಮಲ್ಲಿ ಗಿರಾಕಿಗಳಿಗೆ ಹೆಸರಿಲ್ಲ, ಅವರ ಫ್ರೇಮಿನಿಂದಲೇ ಗುರುತು. ತೆಳು ಚಿನ್ನ, ದಪ್ಪ ಕಪ್ಪು, ಬೆಕ್ಕಿನ ಕಣ್ಣು, ಹೀಗೆ. ಇವತ್ತು ಒಬ್ಬ ಕಂದು ಫ್ರೇಮು ಬಂದಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಯಜಮಾನರು ಕಣ್ಣು ಪರೀಕ್ಷೆ ಮಾಡಿದರು, ನಾನು ಅಳತೆ ತೆಗೆದುಕೊಂಡೆ. ಅವನು ಹಾಕಿಕೊಂಡಿದ್ದ ಹಳೆ ಕನ್ನಡಕದ ಪವರು ಈಗ ಬೇಕಾದ್ದರಲ್ಲಿ ಅರ್ಧವೂ ಇಲ್ಲ. ಇಷ್ಟು ದಿನ ರಸ್ತೆ ಹೇಗೆ ದಾಟಿದನೋ. ಹೊರಡುವಾಗ ಹೇಳಿದ, "ಈ ಕೋಟು ನಿಮಗೋಸ್ಕರಾನೇ ಹೊಲಿದ ಹಾಗಿದೆ."

ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ನವೆಂಬರ್ ೧೩, ಬುಧವಾರ

ಹಾಕಿಕೊಂಡದ್ದು: ಕೋಟು, ನೇರಳೆ ಚುಕ್ಕಿಯ ಗೌನು. ಗೌನಿನ ತೋಳನ್ನು ನಾನೇ ಬಿಚ್ಚಿ ಮತ್ತೆ ಕೂಡಿಸಿದ್ದು. ಚೆನ್ನಾಗಿ ಕೂತಿದೆ.

ಕಂದು ಫ್ರೇಮಿನವನ ಹೊಸ ಕನ್ನಡಕ ನಿನ್ನೆಯೇ ಬಂದಿದೆ. ದುಡ್ಡನ್ನೂ ಪೂರ್ತಿ ಕೊಟ್ಟಿದ್ದಾನೆ. ಇವತ್ತು ಬಂದವನು ಅದನ್ನು ತೆಗೆದುಕೊಳ್ಳಲೇ ಇಲ್ಲ. "ಇರಲಿ, ಇನ್ನೊಂದು ದಿನ ಬರ್ತೀನಿ. ಈ ಹಳೇದರ ಸ್ಕ್ರೂ ಸ್ವಲ್ಪ ಬಿಗಿ ಮಾಡಿಕೊಡಿ" ಎಂದ. ಸ್ಕ್ರೂ ಸಡಿಲವೇ ಆಗಿರಲಿಲ್ಲ. ಸುಮ್ಮನೆ ತಿರುಗಿಸಿದ ಹಾಗೆ ಮಾಡಿ ಕೊಟ್ಟೆ.

ಅದನ್ನು ಹಾಕಿಕೊಳ್ಳುತ್ತಾ ಹೇಳಿದ, "ನಿನ್ನೆ ಹಸಿರು ಸ್ಕರ್ಟು ಹಾಕಿದ್ರಲ್ಲ, ಅದು ಈ ಕೋಟಿಗೆ ಒಪ್ಪಲ್ಲ. ಹಾಕ್ಬೇಡಿ."

ನಾನೂ ಹಾಗೇ ಅಂದುಕೊಂಡಿದ್ದೆ, ಅವನು ಹೇಳಿದ್ದು ಸರಿಯೇ. ಆದರೆ ನಿನ್ನೆ ಅವನು ಅಂಗಡಿಗೆ ಬಂದಿರಲಿಲ್ಲ.

ನವೆಂಬರ್ ೧೯, ಮಂಗಳವಾರ

ಮಾರ್ಕೆಟ್ಟಿನ ಬಸ್‌ಸ್ಟಾಪಿನ ಎದುರು ಒಂದು ಮೋಟು ಗೋಡೆ ಇದೆ. ಮೂರು ಸಂಜೆಯಿಂದ ಆ ಕಂದು ಫ್ರೇಮಿನವನು ಅಲ್ಲಿ ಕೂತಿರುತ್ತಾನೆ. ಬಸ್ಸು ಹತ್ತುವುದಿಲ್ಲ, ಫೋನು ನೋಡುವುದಿಲ್ಲ. ನಾನು ಬಂದ ಕೂಡಲೇ ಎದ್ದು ನಿಲ್ಲುತ್ತಾನೆ, ಹಿರಿಯರು ಬಂದಾಗ ನಾವು ಎದ್ದು ನಿಲ್ಲುತ್ತೇವಲ್ಲ ಹಾಗೆ. ಅಷ್ಟೇ. ಮತ್ತೇನೂ ಮಾಡುವುದಿಲ್ಲ.

ಅವನಿಗೂ ಈ ಕಡೆ ಕೆಲಸವಿರಬಹುದು, ಊರೇನು ನನ್ನೊಬ್ಬಳದೇ? ಹಾಗೆಂದು ಬಸ್ಸಿನಲ್ಲಿ ಮನಸ್ಸಿಗೆ ಹೇಳಿಕೊಂಡೇ ಬಂದೆ. ಇಳಿಯುವಾಗ ನೋಡಿದರೆ ಇವತ್ತು ಹಿಂದಿನ ಬಾಗಿಲಿನಿಂದ ಅವನೂ ಇಳಿದ. ನಮ್ಮ ಬೀದಿಗೆ ತಿರುಗದೆ ಮೆಡಿಕಲ್ ಶಾಪಿನೊಳಗೆ ನುಗ್ಗಿ, ಬೇಡದ ತಲೆನೋವಿನ ಮಾತ್ರೆ ತೆಗೆದುಕೊಂಡು, ಹಿಂದಿನ ಓಣಿಯಿಂದ ಮನೆ ಸೇರಿದೆ.

ನಾಳೆಯಿಂದ ಹಿಮ್ಮಡಿಯ ಬೂಟು ಬೇಡ. ಮೊಣಕಾಲು ನೋಯುತ್ತಿದೆ.

ನವೆಂಬರ್ ೨೨, ಶುಕ್ರವಾರ

ಯಜಮಾನರಿಗೆ ಹೇಳಿದೆ. ಅವರು ಒಳ್ಳೆಯವರೇ, ಆದರೆ ಬೆಕ್ಕು ಸೀನಿದರೂ ಬೆಚ್ಚುವ ಜೀವ. "ಏನಾದ್ರೂ ಅಂದನಾ?" ಇಲ್ಲ. "ಮೈಕೈ ಮುಟ್ಟಿದನಾ?" ಇಲ್ಲ. "ಹಾಗಾದ್ರೆ ಏನಂತ ಕೇಳೋದಮ್ಮಾ?" ಎಂದು ಕೈ ಹಿಸುಕಿಕೊಂಡರು. ಏನಂತ ಕೇಳುವುದು, ನನಗೂ ಗೊತ್ತಿಲ್ಲ. ಎದ್ದು ನಿಲ್ಲುತ್ತಾನೆ ಎಂದು ದೂರು ಕೊಡಲೇ?

ಅಮ್ಮನಿಗೆ ಅರ್ಧ ಹೇಳುವಷ್ಟರಲ್ಲಿ ಶುರು ಮಾಡಿದಳು. "ಅದಕ್ಕೇ ನಾನು ಬಡ್ಕೊಳ್ಳೋದು! ನಾಟಕದವಳ ಹಾಗೆ ಎದ್ದು ಕಾಣೋ ಬಟ್ಟೆ ಹಾಕ್ಕೊಂಡ್ರೆ ಜನ ನೋಡದೆ ಇರ್ತಾರಾ?"

"ನೋಡೋದಕ್ಕೂ ಹಿಂದೆ ಬರೋದಕ್ಕೂ ವ್ಯತ್ಯಾಸ ಇಲ್ವೇನಮ್ಮ?"

"ನಿನ್ನ ಹತ್ರ ವಾದ ಮಾಡಕ್ಕೆ ನಂಗೆ ಬರಲ್ಲ."

ಸಿಟ್ಟಿನಲ್ಲಿ ಊಟ ಬಿಟ್ಟೆ. ಇನ್ನು ಮೇಲೆ ಬಾಯಿಗೆ ಬೀಗ. ನೇರಳೆ ಗೌನನ್ನು ಪೆಟ್ಟಿಗೆಯಲ್ಲಿಟ್ಟೆ, ತುಂಬಾ ತೆಳು, ಚಳಿಗೆ ಆಗುವುದಿಲ್ಲ.

ನವೆಂಬರ್ ೨೫, ಸೋಮವಾರ



ಇವತ್ತು ಹಳೆಬಟ್ಟೆ ಅಂಗಡಿಗೆ ಹೋದೆ, ಮನಸ್ಸು ಸ್ವಲ್ಪ ಹಗುರಾಗಲಿ ಎಂದು. ಅಕ್ಕ ಮೂಟೆ ಬಿಚ್ಚುತ್ತಾ ನಗುನಗುತ್ತಾ ಹೇಳಿದಳು, "ಪುಟ್ಟೀ, ನಿಮ್ಮಣ್ಣ ಬಂದಿದ್ರು ಕಣೆ ಮೊನ್ನೆ. ಎಷ್ಟು ಒಳ್ಳೆ ಮನುಷ್ಯ! ಹಳದಿ ಕೋಟಿನ ಹುಡುಗಿ ಯಾವ ದಿನ ಬರ್ತಾಳೆ, ಅವಳಿಗೆ ಏನೇನು ಇಷ್ಟ ಅಂತೆಲ್ಲಾ ಕೇಳಿದ್ರು. ನಿಂಗೆ ಹುಟ್ಟುಹಬ್ಬಕ್ಕೇನೋ ಕೊಡಿಸ್ಬೇಕಂತೆ."

ನನಗೆ ಅಣ್ಣನಿಲ್ಲ.

"ನೀನೇನು ಹೇಳಿದೆ ಅಕ್ಕಾ?" ಎಂದೆ.

"ಸೋಮವಾರ ಬರ್ತಾಳೆ ಅಂದೆ."

ಸೋಮವಾರ. ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೂ ಬಾಗಿಲು ದಾಟಲಿಲ್ಲ. ಎಷ್ಟೋ ಹೊತ್ತು ಮೂಟೆಗಳ ಹಿಂದೆ ಕೂತಿದ್ದೆ. ಅಕ್ಕ ಪಾಪ, ಏನೂ ಅರ್ಥವಾಗದೆ ನೀರು ತಂದುಕೊಟ್ಟಳು. ಏನೂ ಕೊಳ್ಳಲಿಲ್ಲ. ಆ ಅಂಗಡಿಗೆ ಇನ್ನು ಹೋಗುವುದಿಲ್ಲ. ಅಲ್ಲಿ ಇತ್ತೀಚೆಗೆ ಒಳ್ಳೆಯ ಮಾಲು ಬರುತ್ತಲೂ ಇಲ್ಲ.

ನವೆಂಬರ್ ೨೮, ಗುರುವಾರ

ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ! ಉತ್ತರ ನಮ್ಮ ಅಂಗಡಿಯ ಡ್ರಾಯರಿನಲ್ಲೇ ಇತ್ತು.

ಅವನ ಹೊಸ ಕನ್ನಡಕದ ಡಬ್ಬಿಯ ಧೂಳು ಒರೆಸುವಾಗ ಹೊಳೆಯಿತು. ಅವನ ಕಣ್ಣಿನ ಪವರು ನನಗೆ ಗೊತ್ತು. ಹಾಕಿಕೊಂಡು ತಿರುಗುವ ಹಳೆಯದರ ಪವರೂ ಗೊತ್ತು. ಆ ಕನ್ನಡಕದಲ್ಲಿ ರಸ್ತೆಯಾಚೆಯ ಮುಖ ಅವನಿಗೆ ಬರೀ ಹಿಟ್ಟಿನ ಉಂಡೆ. ಕಣ್ಣು, ಮೂಗು ಒಂದೂ ತಿಳಿಯುವುದಿಲ್ಲ. ಕಾಣುವುದು ಬಣ್ಣ, ಆಕಾರ ಅಷ್ಟೇ. ಅಂದರೆ ಅವನು ಎದ್ದು ನಿಲ್ಲುವುದು ನನ್ನನ್ನು ಕಂಡು ಅಲ್ಲ, ಹಳದಿಯನ್ನು ಕಂಡು!

ಪರೀಕ್ಷೆ ಮಾಡಿಯೇ ಬಿಟ್ಟೆ. ಸಂಜೆ ಕೋಟನ್ನು ಚೀಲಕ್ಕೆ ತುರುಕಿ, ಅಮ್ಮನ ಬೂದು ಸ್ವೆಟರು ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಬಸ್‌ಸ್ಟಾಪಿಗೆ ಹೋದೆ. ಅವನು ಗೋಡೆಯ ಮೇಲೆ ಕೂತಿದ್ದ. ನನ್ನ ಕಡೆ ತಿರುಗಿದ. ಹಾಗೇ ದಾಟಿ ಆಚೆ ನೋಡಿದ. ಎದ್ದು ನಿಲ್ಲಲಿಲ್ಲ! ಬಸ್ಸಿನಲ್ಲಿ ನಗು, ಅಳು ಎರಡೂ ಒಟ್ಟಿಗೇ ಬಂತು.

ಮನೆಗೆ ಬಂದವಳೇ ಕೋಟನ್ನು ಗುಬ್ಬಿಗೆ ಕೊಟ್ಟೆ. "ತಗೋ, ನಾನು ಸಾಯೋವರೆಗೂ ಕಾಯ್ಬೇಡ." ಅವಳು ಕುಣಿದ ಕುಣಿತ ನೋಡಬೇಕಿತ್ತು. ಯಾಕೆಂದು ಹೇಳಲಿಲ್ಲ, ಚಿಕ್ಕವಳನ್ನು ಸುಮ್ಮನೆ ಹೆದರಿಸುವುದೇಕೆ. ಅವಳ ಕಾಲೇಜು ಊರಿನ ಆ ತುದಿಯಲ್ಲಿದೆ. ಮಾರ್ಕೆಟ್ಟಿನ ಕಡೆ ಅವಳಿಗೇನು ಕೆಲಸ?

ಡಿಸೆಂಬರ್ ೨, ಸೋಮವಾರ

ಒಂದು ಸಲವೂ ಕಾಣಲಿಲ್ಲ! ಶುಕ್ರವಾರ ಗೋಡೆಯ ಮೇಲೆ ಇದ್ದನೇನೋ, ನಾನು ಆ ಕಡೆ ನೋಡಲಿಲ್ಲ. ಶನಿವಾರ, ಭಾನುವಾರ ಗೋಡೆ ಖಾಲಿ. ಕಣ್ತುಂಬ ನಿದ್ದೆ ಮಾಡಿದೆ. ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಅಮ್ಮನ ಸ್ವೆಟರು ಬೆಚ್ಚಗಿದೆ. ಬೂದು ಬಣ್ಣ ಅಷ್ಟೇನೂ ಕೆಟ್ಟದ್ದಲ್ಲ, ಕೊಳೆಯೂ ಕಾಣುವುದಿಲ್ಲ. ನಿನ್ನೆ ಅಂಗಡಿಯಲ್ಲಿ ಬೆಕ್ಕಿನ ಕಣ್ಣಿನ ಫ್ರೇಮಿನ ಹೆಂಗಸು, "ಇಲ್ಲೊಬ್ಬಳು ಚೆಂದ ಡ್ರೆಸ್ ಮಾಡ್ಕೊಳ್ಳೋ ಹುಡುಗಿ ಇದ್ದಳಲ್ಲ, ಕೆಲಸ ಬಿಟ್ಟಳಾ?" ಎಂದು ನನ್ನನ್ನೇ ಕೇಳಿದಳು. ನಗು ಬಂತು.

ಗುಬ್ಬಿಗೆ ಕೋಟು ಎಷ್ಟು ಒಪ್ಪುತ್ತದೆ! ನನಗಿಂತ ಅವಳಿಗೇ ಚೆನ್ನ. ಗೆಳತಿಯರಿಗೆಲ್ಲ ತೋರಿಸಬೇಕೆಂದು ಈಗ ಮಾರ್ಕೆಟ್ಟಿನ ಬಸ್ಸಿನಲ್ಲೇ ಸುತ್ತಿಕೊಂಡು ಮನೆಗೆ ಬರುತ್ತಾಳಂತೆ. ನನಗೂ ಈ ವಯಸ್ಸಿನಲ್ಲಿ ಹೀಗೇ ಹುಚ್ಚಿತ್ತು. ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಪರೀಕ್ಷೆ ಹತ್ತಿರ ಬಂದಿರಬೇಕು.

ಡಿಸೆಂಬರ್ ೪, ಬುಧವಾರ

ಗುಬ್ಬಿ ಕೋಟನ್ನು ತಂದು ನನ್ನ ಮಂಚದ ಮೇಲೆ ಹಾಕಿದಳು. "ಅಕ್ಕಾ, ನಂಗೆ ಬೇಡ. ಚುಚ್ಚುತ್ತೆ."

ನನಗೆ ರೇಗಿತು. ಒಳಗೆಲ್ಲ ರೇಷ್ಮೆಯ ಅಸ್ತರಿದೆ, ನಾನೇ ಕೂತು ಸರಿಮಾಡಿದ್ದು. ಚುಚ್ಚುವುದು ಹೇಗೆ? ಏನು ಕೆಡಿಸಿದ್ದಾಳೋ ನೋಡೋಣವೆಂದು ಬೆಳಕಿಗೆ ಹಿಡಿದೆ. ಬಲತೋಳು ಹೆಗಲಿಗೆ ಕೂಡುವಲ್ಲಿ ಹಿಂದುಗಡೆ ಹೊಲಿಗೆ ಬಿಚ್ಚಿಹೋಗಿತ್ತು. ಮುಂದಿನ ಹೊಲಿಗೆ ಗಟ್ಟಿಯಾಗಿಯೇ ಇತ್ತು.

ನಾನು ಇಷ್ಟು ವರ್ಷ ಹಳೆ ಬಟ್ಟೆ ಬಿಚ್ಚಿ ಹೊಲಿದವಳು. ಕೈ ಮೇಲೆತ್ತಿದರೆ ಕಂಕುಳಲ್ಲಿ ಬಿಡುತ್ತದೆ. ಮೊಳೆಗೆ ಸಿಕ್ಕಿದರೆ ಬಟ್ಟೆಯೇ ಹರಿಯುತ್ತದೆ. ಹೀಗೆ ಹಿಂದಿನಿಂದ ಮಾತ್ರ ಬಿಡಬೇಕಾದರೆ ಮುಂದೆ ಹೋಗುತ್ತಿರುವವಳ ತೋಳನ್ನು ಯಾರಾದರೂ ಹಿಡಿದು ಎಳೆದಿರಬೇಕು.

"ಗುಬ್ಬೀ" ಎಂದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಅಳು ತಡೆಯಲಾಗಲಿಲ್ಲ.

ಶನಿವಾರದಿಂದ ಒಬ್ಬ ಹಿಂದೆ ಬರುತ್ತಿದ್ದನಂತೆ. ನಿನ್ನೆ ಮಾರ್ಕೆಟ್ಟಿನ ತಿರುವಿನಲ್ಲಿ ತೋಳು ಹಿಡಿದು ತಿರುಗಿಸಿದನಂತೆ. ಮುಖದ ಹತ್ತಿರ ಮುಖ ತಂದು ನೋಡಿ, ಇವಳು ಹೆದರಿ ‘ಅಕ್ಕಾ’ ಎಂದು ಕಿರುಚಿದ್ದು ಕೇಳಿದ ಮೇಲೆ, ಸಿಟ್ಟೇ ಮಾಡಿಕೊಳ್ಳದೆ ಹೇಳಿದನಂತೆ, "ನೀನು ತಂಗಿನಾ? ಕೋಟು ಬೇರೆಯವರಿಗೆ ಕೊಡಬಾರದು ಅಂತ ನಿಮ್ಮಕ್ಕನಿಗೆ ಹೇಳು."

"ಅಕ್ಕಾ, ಅವನು ನಿಂಗೆ ಗೊತ್ತಾ?" ಎಂದಳು ಗುಬ್ಬಿ.

ಗೊತ್ತು ಎಂದೆ.

"ಗೊತ್ತಿದ್ದೂ ಕೊಟ್ಯಾ?"

ಅವಳು ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನಿಗೆ ಮುಖ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದವಳು ನಾನು. ಹಳದಿಯೊಳಗೆ ಯಾರಿದ್ದರೂ ಅವನು ಹಿಂದೆ ಹೋಗುತ್ತಾನೆ ಎನ್ನುವುದು ಅದೇ ಲೆಕ್ಕದ ಇನ್ನೊಂದು ಭಾಗ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ನಿದ್ದೆ ಮಾಡಿದ ಅಷ್ಟೂ ದಿನ ಅವಳು ನಿದ್ದೆ ಮಾಡಿಲ್ಲ. ಥೂ ನನ್ನ ಬುದ್ಧಿಗಿಷ್ಟು.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟೆಯ ವಿಷಯ ತೆಗೆಯುತ್ತಾಳೆಂದು ಕಾದೆ. ತೆಗೆಯಲಿಲ್ಲ. ಒಳಗೆ ಬಂದು ಕೋಟನ್ನು ಎತ್ತಿಕೊಂಡು, "ಸೂಜಿ ಎಲ್ಲಿಟ್ಟಿದ್ದೀಯ?" ಎಂದಳು.

ಡಿಸೆಂಬರ್ ೫, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಗುಬ್ಬಿ ಕಾಲೇಜಿಗೆ ಹೋಗಿರಲಿಲ್ಲ. ಸಂಜೆ ಅಂಗಡಿಯ ಗಾಜಿನಾಚೆ ಹಳದಿ ಕಂಡಿತು. ಮತ್ತೆ ಅವಳೇ ಹಾಕಿಕೊಂಡು ಬಂದಳೇನೋ ಎಂದುಕೊಂಡೆ. ಕೈಯಲ್ಲಿದ್ದ ಫ್ರೇಮು ಬಿತ್ತು. ನೋಡಿದರೆ ಅಮ್ಮ! ಗುಂಡಿಗಳನ್ನೆಲ್ಲ ಹಾಕಿಕೊಂಡು, ಕಾಲರು ಎತ್ತಿ, ಕೂದಲನ್ನು ನನ್ನ ಹಾಗೆ ಬದಿಗೆ ಸುತ್ತಿ ಪಿನ್ನು ಹಾಕಿದ್ದಳು. ಗಾಜಿನಾಚೆಯಿಂದಲೇ ನನಗೆ ಇಲ್ಲೇ ಇರು ಎಂದು ಸನ್ನೆ ಮಾಡಿ ಬಸ್‌ಸ್ಟಾಪಿನ ಕಡೆ ನಡೆದಳು. ಹಿಂದಿನಿಂದ ನೋಡಿದರೆ ನಾನೇ ನಡೆದು ಹೋಗುತ್ತಿದ್ದ ಹಾಗಿತ್ತು.

ನಾನು ಇರುತ್ತೇನೆಯೇ? ಓಡಿದೆ. ಯಜಮಾನರು ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿ ಬಿಟ್ಟು ನನ್ನ ಹಿಂದೆ ಬಂದರು. "ನಿಧಾನಕ್ಕಮ್ಮಾ, ನಿಧಾನಕ್ಕೆ" ಎನ್ನುತ್ತಿದ್ದರೇ ಹೊರತು ಹಿಂದಿರುಗಲಿಲ್ಲ.

ಅವನು ಗೋಡೆಯಿಂದ ಎದ್ದ. ರಸ್ತೆ ದಾಟಿದ. ಅವನ ಬೆನ್ನನ್ನು ನಾನು ನೋಡಿದ್ದು ಇದೇ ಮೊದಲು. ಅಮ್ಮ ಹೆಜ್ಜೆ ನಿಧಾನ ಮಾಡಿದರೆ ಅವನೂ ನಿಧಾನ ಮಾಡುತ್ತಿದ್ದ. ಇಷ್ಟು ದಿನ ನನ್ನ ಬೆನ್ನ ಹಿಂದೆಯೂ ಹೀಗೇ ಬರುತ್ತಿದ್ದ. ಬಸ್‌ಸ್ಟಾಪಿನ ಹತ್ತಿರ ಅವನು ಕೈ ಚಾಚಿ ಅಮ್ಮನ ತೋಳು ಹಿಡಿದ. ಸಣ್ಣ ಮಕ್ಕಳನ್ನು ಮೆಚ್ಚುವ ದನಿಯಲ್ಲಿ ಹೇಳಿದ, "ನೋಡು, ಹೇಳಿದ ಮಾತು ಕೇಳಿದೆ. ಜಾಣೆ."

ಅಮ್ಮ ತಿರುಗಿದಳು. ಅವನು ಬಗ್ಗಿ ಹತ್ತಿರದಿಂದ ನೋಡಿದ. ಕೈ ಬಿಟ್ಟ. ಅಮ್ಮ ಬಿಡಲಿಲ್ಲ, ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

"ಕ್ಷಮಿಸಿ ಅಮ್ಮಾ. ಬೇರೆ ಯಾರೋ ಅಂದ್ಕೊಂಡೆ."

"ಬೇರೆಯವಳೇ ಆಗಿದ್ರೆ ಏನ್ ಮಾಡ್ತಿದ್ದೆ?"

ಅವನು ಕೈ ಬಿಡಿಸಿಕೊಳ್ಳಲು ನೋಡಿದ.

"ಹೇಳಪ್ಪಾ. ನಾನಾಗಿದ್ದಕ್ಕೆ ಕ್ಷಮಿಸಿ ಅಂದೆ. ಅವಳಾಗಿದ್ರೆ ಏನ್ ಮಾಡ್ತಿದ್ದೆ? ಜೋರಾಗಿ ಹೇಳು, ಎಲ್ರೂ ಕೇಳಿಸ್ಕೊಳ್ಳಲಿ."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಅಮ್ಮನ ದನಿ ಗಟ್ಟಿಯಾಗಿತ್ತು. ನಾನು ಹೋಗಿ ಅವನ ಇನ್ನೊಂದು ಕೈ ಹಿಡಿದೆ. ಆಗ ಅವನು ನನ್ನ ಮುಖವನ್ನು ಹತ್ತಿರದಿಂದ ನೋಡಿದ; ಅಂಗಡಿಯಲ್ಲಿ ನೋಡಿದ್ದು ಬರೀ ಕೋಟನ್ನೇ ಇರಬೇಕು. ಬೂದು ಸ್ವೆಟರಿನಲ್ಲಿ ನನ್ನ ಗುರುತೇ ಹತ್ತಲಿಲ್ಲ. "ನೀವ್ಯಾರು?" ಎಂದ.

ಯಜಮಾನರು ರಸ್ತೆಯ ಮೂಲೆಯಲ್ಲಿ ನಿಂತಿದ್ದ ಪೊಲೀಸಿನವಳನ್ನು ಕರೆತಂದರು.

ಡಿಸೆಂಬರ್ ೬, ಶುಕ್ರವಾರ

ಇನ್ನು ಈ ಕಡೆ ಬರುವುದಿಲ್ಲ ಎಂದು ಬರೆಸಿಕೊಂಡು ಪೊಲೀಸರು ಅವನನ್ನು ಮನೆಗೆ ಕಳಿಸಿದರಂತೆ. "ಅಷ್ಟೇನಾ?" ಎಂದೆ. "ಸದ್ಯಕ್ಕೆ ಅಷ್ಟೇ" ಎಂದಳು ಅಮ್ಮ.

ಮನೆಗೆ. ಅವನಿಗೂ ಒಂದು ಮನೆಯಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲೋ ಗೊತ್ತಿಲ್ಲ. ನಮ್ಮ ಬೀದಿ ಮಾತ್ರ ಅವನಿಗೆ ಗೊತ್ತು.

ಡಿಸೆಂಬರ್ ೧೦, ಮಂಗಳವಾರ

ಗುಬ್ಬಿ ಇವತ್ತು ಮತ್ತೆ ಕಾಲೇಜಿಗೆ ಹೊರಟಳು. ಚಪ್ಪಲಿ ಹಾಕಿಕೊಂಡವಳು ಬಾಗಿಲು ತೆಗೆಯಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಪರದೆಯನ್ನು ಒಂದು ಬೆರಳಿನಷ್ಟೇ ಸರಿಸಿ, ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮನೆಯ ಬಾಗಿಲನ್ನು ಧಡಾರೆಂದು ತೆಗೆದು ಓಡುವವಳು. ಹಾಗೆ ತೆಗೆಯಬೇಡವೆಂದು ಅಮ್ಮನ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದವಳು.

ಇದನ್ನು ಅವಳಿಗೆ ಕಲಿಸಿದವಳು ನಾನು. ಅಳು ಬಂತು, ಅವಳ ಮುಂದೆ ಅಳಲಿಲ್ಲ. "ನಡಿ, ನಾನೂ ಬರ್ತೀನಿ" ಎಂದೆ.

"ನಿಂಗೆ ಅಂಗಡಿಗೆ ಲೇಟಾಗಲ್ವಾ?"

"ಆಗ್ಲಿ ಬಾ."

ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋದೆವು. ಬಸ್ಸಿನ ಬಾಗಿಲಲ್ಲಿ ಯಾರು ಹತ್ತಿದರೂ ಮೊದಲು ಕನ್ನಡಕ ನೋಡುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ ಕಂಡರೆ ಸಾಕು, ಗುಬ್ಬಿಗೆ ಅಡ್ಡವಾಗಿ ತಿರುಗಿ ಕೂರುತ್ತಿದ್ದೆ. ನನ್ನ ಹೆದರಿಕೆ ಅವಳಿಗೆ ಗೊತ್ತಾಗಬಾರದೆಂದು ಏನೇನೋ ಹರಟುತ್ತಿದ್ದೆ. ಅವಳು ಸ್ವಲ್ಪ ದೂರ ಕೇಳಿಸಿಕೊಂಡು, "ಅಕ್ಕಾ, ಕೈ ನೋಯ್ತಿದೆ" ಎಂದಳು. ಅಷ್ಟು ಬಿಗಿಯಾಗಿ ಹಿಡಿದಿದ್ದೆನಂತೆ. ಸ್ವಲ್ಪ ಸಡಿಲ ಮಾಡಿದೆ, ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ಅವಳು ಗೇಟಿನೊಳಗೆ ಹೋಗಿ, ಗೆಳತಿಯರ ಗುಂಪಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಆಮೇಲೂ ನಿಂತಿದ್ದೆ. ಅಂಗಡಿಗೆ ತುಂಬಾ ತಡವಾಯಿತು.

ಇವತ್ತು ಏನು ಹಾಕಿಕೊಂಡು ಹೋಗಿದ್ದೆನೋ, ಬರೆಯಲು ಕೂತರೆ ನೆನಪಾಗುತ್ತಿಲ್ಲ. ನಾಳೆಯೂ ಅವಳ ಜೊತೆ ಹೋಗಬೇಕು.